ಹೇರ್ ರಿಲ್ಯಾಕ್ಸರ್

ಗುಂಗುರು ಕೂದಲನ್ನು ನೇರಗೊಳಿಸುವ ರಾಸಾಯನಿಕ ಲೇಪ. ಕೂದಲಿನ ಕೆರಾಟಿನ್ ಪ್ರೋಟೀನಿನಲ್ಲಿರುವ ಗಂಧಕದ ಬಂಧಗಳನ್ನು ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರ ಮುರಿದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ. ಅದೇ ಕ್ಷಾರ ನೆತ್ತಿಯನ್ನೂ ಸುಡಬಲ್ಲದು. ಸುಟ್ಟ ಚರ್ಮದ ಮೂಲಕ ಇತರ ರಾಸಾಯನಿಕಗಳು ಸುಲಭವಾಗಿ ಮೈಗಿಳಿಯಬಹುದೆಂಬುದೇ ದೊಡ್ಡ ಆತಂಕ.

ಅಮೆರಿಕದ ಕಪ್ಪು ಮಹಿಳೆಯರಲ್ಲಿ ಇದರ ಬಳಕೆ ಹೆಚ್ಚು; ಹಲವರಿಗೆ ಬಾಲ್ಯದಿಂದಲೇ ರೂಢಿ. ಇದನ್ನು ಬರೀ ಅಲಂಕಾರದ ಆಯ್ಕೆ ಎನ್ನುವುದು ಅನ್ಯಾಯ. ಅವರ ಸಹಜ ಕೂದಲನ್ನು ಅಶಿಸ್ತೆಂದು ಕಂಡ ಶಾಲೆ, ಕಚೇರಿಗಳ ಒತ್ತಡ ಇದರ ಹಿಂದಿದೆ. ಅಂಥ ತಾರತಮ್ಯವನ್ನು ಕ್ಯಾಲಿಫೋರ್ನಿಯ 2019ರಲ್ಲಿ ಕಾನೂನಿನಿಂದಲೇ ನಿಷೇಧಿಸಬೇಕಾಯಿತು.

2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ‘ಸಿಸ್ಟರ್ ಸ್ಟಡಿ’ ಅಧ್ಯಯನದ ವರದಿ ಹೊರಬಂತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದಾಗ 378 ಮಂದಿಯಲ್ಲಿ ಗರ್ಭಕೋಶದ ಕ್ಯಾನ್ಸರ್ ಕಂಡುಬಂದಿತ್ತು. ನೇರಗೊಳಿಸುವ ಉತ್ಪನ್ನವನ್ನು ಬಳಸದವರಿಗೆ 70ನೇ ವಯಸ್ಸಿನೊಳಗೆ ಈ ರೋಗ ಬರುವ ಸಂಭವ ಶೇ. 1.64; ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಿಗೆ ಶೇ. 4.05. ಸಂಬಂಧವಿದೆ ಎಂದಷ್ಟೇ ಇದರರ್ಥ, ಕಾರಣ ಸಾಬೀತಾಗಿಲ್ಲ. ಬ್ರ್ಯಾಂಡ್ ಅಥವಾ ಘಟಕಾಂಶಗಳ ಮಾಹಿತಿಯನ್ನು ಸಂಶೋಧಕರು ಸಂಗ್ರಹಿಸಿರಲಿಲ್ಲ. ಮುಂದೆ ನ್ಯಾಯಾಲಯಕ್ಕೆ ಹೋದ ವಿವಾದದಲ್ಲಿ ಈ ಕೊರತೆ ಸಣ್ಣದಲ್ಲ.

ವರದಿಯ ಬೆನ್ನಲ್ಲೇ ಲೋರಿಯಲ್ ಮತ್ತಿತರ ಕಂಪನಿಗಳ ಮೇಲೆ ದಾವೆಗಳು ಹೂಡಲ್ಪಟ್ಟವು. ಅಪಾಯ ಗೊತ್ತಿದ್ದೂ ಎಚ್ಚರಿಸಲಿಲ್ಲ ಎಂಬುದು ಫಿರ್ಯಾದಿಗಳ ಮುಖ್ಯ ಆರೋಪ. ಕಂಪನಿಗಳು ಅದನ್ನು ಅಲ್ಲಗಳೆದಿವೆ. 2023ರ ಫೆಬ್ರವರಿಯಲ್ಲಿ ಫೆಡರಲ್ ದಾವೆಗಳನ್ನು ವಿಚಾರಣಾಪೂರ್ವ ಹಂತಕ್ಕಾಗಿ ಷಿಕಾಗೋದ ನ್ಯಾಯಾಲಯದಲ್ಲಿ ಒಗ್ಗೂಡಿಸಲಾಯಿತು. ಆತಂಕ ರಿಲ್ಯಾಕ್ಸರ್‌ಗಷ್ಟೇ ಸೀಮಿತವಲ್ಲ: ಕೂದಲು ನೇರಗೊಳಿಸುವ ಇನ್ನೊಂದು ವಿಧಾನವಾದ ಕೆರಾಟಿನ್ ಚಿಕಿತ್ಸೆಯ ಕೆಲವು ದ್ರಾವಣಗಳು ಕಾಯಿಸಿದಾಗ ಬಿಡುವ ಫಾರ್ಮಾಲ್ಡಿಹೈಡ್ ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ದೃಢಪಟ್ಟ ಅನಿಲ. ಸಲೂನ್ ಕೆಲಸಗಾರರೂ ಅದನ್ನು ಉಸಿರಾಡುತ್ತಾರೆ.