ನಮ್ಮ ಗಟಾರದ ನೀರು ಯಾವ ಸಮುದ್ರಕ್ಕ?

ಶ್ರಾವಣ ಸೋಮವಾರ ಸೋಮೇಶ್ವರ ಗುಡಿಗೆ ಹೋದಾಗ ನಾವೆಲ್ಲಾ ಶಾಲ್ಮಲಾ ಹುಟ್ಟೋ ಜಾಗಕ್ಕ ಕೈ ಮುಗೀತೀವಿ. ಆಮ್ಯಾಲೆ ಆ ನೀರು ಎಲ್ಲಿಗೆ ಹೋತು ಅಂತ ಯಾರೂ ಕೇಳಂಗಿಲ್ಲ. ಹಿರೇರು 'ಗುಪ್ತಗಾಮಿನಿ' ಅಂದು ಮಾತು ಮುಗಸ್ತಾರ. ಶಾಲ್ಮಲಿ ಅಂದ್ರ ಸಂಸ್ಕೃತದಾಗ ಬೂರಗದ ಗಿಡ, ತಲಿದಿಂಬಿಗೆ ಅದರ ಹತ್ತಿ ತುಂಬತಿದ್ದಿವಲ್ಲ, ಅದು.

ಧಾರವಾಡ ಕೂತದ್ದು ಏರಿನ ಮ್ಯಾಲೆ. ಹಂಚಿನ ಮನಿಯ ಎರಡೂ ಬದಿಗೆ ನೀರು ಇಳಿಧಂಗ ಇಲ್ಲಿ ಮಳಿ ಇಳೀತದ. ಮೂಡಣ ಬದಿದು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡದು ಮಲಪ್ರಭಾ, ಕೃಷ್ಣಾ ಸೇರಿ ಬಂಗಾಲ ಉಪಸಾಗರಕ್ಕ. ಪಡುವಣ ಬದಿಗೆ ಶಾಲ್ಮಲಾ. ಅದು ಕಲಘಟಗಿ ಕಡಿ ಬೇಡ್ತಿಗೆ ಕೂಡಿ, ಯಲ್ಲಾಪುರದ ಹತ್ತರ ಮಾಗೋಡದಾಗ ಜಿಗದು, ಅಂಕೋಲಾ ಸೀಮಿಯೊಳಗ ಗಂಗಾವಳಿ ಅನ್ನೋ ಹೆಸರಿಲೆ ಅರಬ್ಬೀ ಸಮುದ್ರ ಸೇರತದ. (ಶಿರಸಿ ಕಡಿ ಸಹಸ್ರಲಿಂಗಕ್ಕ ಹೋದಾಗ 'ನಮ್ಮೂರ ನೀರು' ಅಂತ ತಲಿ ಮ್ಯಾಲೆ ಹಾಕ್ಕೊಂಡವಿ. ಅದು ಬ್ಯಾರೆ ಹೊಳಿ ರೀ, ಹೆಸರಷ್ಟೇ ಒಂದು. ಅದೂ ಮುಂದ ಬೇಡ್ತಿಗೇ ಕೂಡತದ.)

ಮೊದಲ ಊರು ಬಾವಿ-ಕೆರಿ ಮ್ಯಾಲೆ ಬದುಕಿತ್ತು. ನೀರು ಸೇದೋರು ನಾವೇ, ಹಿಂಗಾಗಿ ಕೊಡದ ಲೆಕ್ಕ ಗೊತ್ತಿತ್ತು. ಬಚ್ಚಲದ ನೀರು ಹಿತ್ತಲದ ಬಾಳಿಗೆ, ಕೆಸವಿಗೆ ಹೋಗಿ ಅಲ್ಲೇ ಇಂಗತಿತ್ತು. 1972ರಾಗ ಸವದತ್ತಿ ಹತ್ತರ ನವಿಲುತೀರ್ಥದ ಆಣೆಕಟ್ಟು ಮುಗೀತು. ಮುಂದ ಆ ಮಲಪ್ರಭಾ ನೀರು ಪೈಪಿನ್ಯಾಗ ಏರು ಹತ್ತಿ ನಮ್ಮ ನಳಕ್ಕ ಬಂತು. ಕೊಡಾ ಹೊರೋದು ತಪ್ಪಿತು, ಅದಕ್ಕ ನಾನಂತೂ ಕೈ ಮುಗೀತೀನಿ. ಆದ್ರ ಮೂಡಣ ಸಮುದ್ರಕ್ಕ ಹೋಗೋ ನೀರು ಈಗ ನಾವು ಅಕ್ಕಿ ತೊಳದು, ಅರಿವಿ ಒಗದು ಗಟಾರಕ್ಕ ಬಿಟ್ಟಮ್ಯಾಲೆ, ಪಡುವಣ ಓಣಿಗಳಿಂದ ಆದ್ರ, ಅಂಕೋಲಾ ದಾರಿ ಹಿಡೀತದ.

ಮಳಿ ನಂಬಿದ ಸಣ್ಣ ಹಳ್ಳ ಬ್ಯಾಸಗ್ಯಾಗ ಸೊರಗಬೇಕು. ಊರಾಗಿನ ಹಳ್ಳ ಬ್ಯಾಸಗ್ಯಾಗೂ ಕರ್ರಗ ಹರೀತಿದ್ರ ಅದು ಊಟಿಯ ನೀರಲ್ಲ, ನಮ್ಮ ಬಚ್ಚಲದ್ದು. ಮುಸುರಿ ನೀರು, ಸಾಬಾಣದ ನೀರು ಅಂತರಗಂಗಿಗೆ ಗೊಬ್ಬರ ಇದ್ಧಂಗ. ಅದು ಕೌದಿ ಹಾಸಿಧಂಗ ಹಬ್ಬಿದ್ರ ಕೆಳಗ ಬೆಳಕಿಲ್ಲ, ಗಾಳಿ ಇಲ್ಲ, ಮೀನಾ ಸಾಯತಾವ. ಮೀನಾ ತಿನ್ನತಿದ್ದ ಸೊಳ್ಳಿಮರಿ ಉಳೀತಾವ. ಸಂಜಿಗೆ ಕಿಟಕಿ ಹಾಕ್ಕೊಂಡು ಕಾರ್ಪೊರೇಶನ್ನಿಗೆ ಬೈತೀವಿ. ಬೈಯ್ಯೋದು ತಪ್ಪಲ್ಲ, ಗಟಾರದ ನೀರು ಸ್ವಚ್ಛ ಮಾಡಿ ಬಿಡೋದು ಅವರ ಕೆಲಸಾನೇ. ಆದ್ರ ಆ ನೀರು ಮನಿ ಬಿಡೋ ಮೊದಲ ನಮ್ಮ ಕೈಯಾಗಿತ್ತು.

ಮೊನ್ನೆ ಮಳ್ಯಾಗ ಛತ್ರಿ ಹಿಡಕೊಂಡು ನಮ್ಮ ಓಣಿ ಗಟಾರದ ಬೆನ್ನು ಹತ್ತಿ ನೋಡಿದೆ. ಪಡುವಣಕ್ಕ ಇಳೀತದ. ಅಂಕೋಲಾದ ವೈನಿ ಇದನ್ನ ಓದ್ತಾರ, ಅವರಿಗೆ ಏನು ಹೇಳಲಿ? ಅಂದಿನಿಂದ ಅಕ್ಕಿ ತೊಳದ ನೀರು ಕರಿಬೇವಿಗೆ ಹಾಕ್ಲಿಕತ್ತೀನಿ. ನಿಮ್ಮ ಗಟಾರ ಯಾವ ಕಡಿ ಇಳೀತದ, ನೋಡಿ ಹೇಳ್ರೀ ಅಕ್ಕಾರ.