ಆಣಿ ಮತ್ತು ಜಡ್ಡು: ಅಂಗಾಲಿನ ಒಂದು ಸಣ್ಣ ಚರಿತ್ರೆ

ರಾಜವಂಶಗಳ ಹಾಗೂ ಯುದ್ಧಗಳ ಇತಿಹಾಸವನ್ನು ಮೂರು ದಶಕ ಪಾಠ ಹೇಳಿದ ನನಗೆ, ನಿವೃತ್ತಿಯ ಬಳಿಕ ಸಣ್ಣ ಸಂಗತಿಗಳ ಇತಿಹಾಸವೇ ಹೆಚ್ಚು ರುಚಿಸುತ್ತಿದೆ. ಇಂದಿನ ವಿಷಯ, ಕಾಲಿನ ಆಣಿ. ನನ್ನ ವಿದ್ಯಾರ್ಥಿಗಳು ನಗಬಾರದು. ಅವರಲ್ಲಿ ಅನೇಕರು ಈಗ ಐವತ್ತು ದಾಟಿದ್ದಾರೆ.

ಒಂದೇ ಜಾಗದ ಮೇಲೆ ಬಹುಕಾಲ ಒತ್ತಡವೂ ಉಜ್ಜಾಟವೂ ಬಿದ್ದರೆ ಚರ್ಮವು ತನ್ನ ಮೇಲ್ಪದರವನ್ನು ದಪ್ಪಗೊಳಿಸಿಕೊಳ್ಳುತ್ತದೆ. ಗುದ್ದಲಿ ಹಿಡಿದವರ ಅಂಗೈಯಲ್ಲಿ, ವೀಣೆ ನುಡಿಸುವವರ ಬೆರಳ ತುದಿಯಲ್ಲಿ ಕಾಣುವ ಜಡ್ಡು ಇದೇ. ಅದು ರೋಗವಲ್ಲ, ರಕ್ಷಣೆ. ಆ ಗಡಸು ಚರ್ಮವೇ ಒಂದು ಬಿಂದುವಿನಲ್ಲಿ ಮೊನಚಾಗಿ ಒಳಕ್ಕೆ ಒತ್ತಿ ನೋಯಿಸತೊಡಗಿದರೆ ಆಣಿ ಎನ್ನುತ್ತೇವೆ.

ಆಣಿ ಎಂದರೆ ಮೊಳೆ. ಸುಶ್ರುತ ಸಂಹಿತೆಯು ಇದನ್ನು 'ಕದರ' ಎಂದು ಕರೆದು, ಕಲ್ಲು ಮುಳ್ಳುಗಳ ಪೆಟ್ಟಿನಿಂದ ಪಾದದಲ್ಲಿ ಹುಟ್ಟುವ, ಕೀಲದಂತೆ ಗಡಸಾದ ಗಂಟು ಎಂದು ವರ್ಣಿಸುತ್ತದೆ. ಕೀಲವೆಂದರೂ ಮೊಳೆಯೇ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಬಳಸಿದ 'ಕ್ಲಾವಸ್' ಎಂಬ ಲ್ಯಾಟಿನ್ ಪದಕ್ಕೂ ಮೊಳೆಯೆಂದೇ ಅರ್ಥ. ನೋವು ಒಂದೇ ಆದುದರಿಂದ ಹೋಲಿಕೆಯೂ ಒಂದೇ ಆಯಿತೆಂದು ತೋರುತ್ತದೆ. ಚಿಕಿತ್ಸೆಯಲ್ಲೂ ಹೆಚ್ಚಿನ ಅಂತರವಿರಲಿಲ್ಲ: ಸುಶ್ರುತನದು ಕತ್ತರಿಸಿ ತೆಗೆದು ಬಿಸಿ ಎಣ್ಣೆಯಿಂದ ಸುಡುವ ಕ್ರಮ, ಸೆಲ್ಸಸನದು ಆಗಾಗ ಹೆರೆಯುವ ಕ್ರಮ.

ಹೀಗೆ ಚಾಕುವಿನ ಆಳ್ವಿಕೆ ಬಹುಕಾಲ ನಡೆಯಿತು. ಯುರೋಪಿನ ಸಂತೆಗಳಲ್ಲಿ ಆಣಿ ಕೀಳುವುದನ್ನೇ ಕಸುಬಾಗಿಸಿಕೊಂಡವರು ಕೂಗುತ್ತ ತಿರುಗುತ್ತಿದ್ದರು. ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ತಮ್ಮ ಪಾದಗಳಿಗೆ ಚಿಕಿತ್ಸೆ ಮಾಡಿದ ಐಸಾಕರ್ ಜಕರಿ ಎಂಬವನಿಗೆ ಪ್ರಶಂಸಾಪತ್ರ ಬರೆದುಕೊಟ್ಟರು. ಮರುವರ್ಷ ಅದೇ ಜಕರಿ ಶತ್ರುಪಕ್ಷದವರೊಡನೆ ಸಂಧಾನದ ಮಾತಿಗೂ ಹೋಗಿಬಂದನು!

ಚಾಕುವಿನ ಜೊತೆಗೆ ಮದ್ದೊಂದು ಬಂದುದು ವಿಲ್ಲೋ ಮರದ ಕಡೆಯಿಂದ. ಆ ಮರದ ತೊಗಟೆಯಲ್ಲಿರುವ ಸ್ಯಾಲಿಸಿನ್‌ನಿಂದ 1838ರಲ್ಲಿ ಇಟಲಿಯ ಪಿರಿಯಾ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದನು. ಮುಂದೆ ಜರ್ಮನಿಯ ಕೋಲ್ಬೆ ಅದನ್ನು ಕೃತಕವಾಗಿ ತಯಾರಿಸಿದುದರಿಂದ ಅದು ಅಗ್ಗವಾಯಿತು. ಗಡಸು ಚರ್ಮದ ಕೋಶಗಳ ಬೆಸುಗೆಯನ್ನು ಅದು ಸಡಿಲಿಸುತ್ತದೆ. ಔಷಧದಂಗಡಿಯ ಕಾರ್ನ್ ಕ್ಯಾಪಿನಲ್ಲಿರುವುದು ಇದೇ ಆಮ್ಲ.

ಆದರೆ ಕತ್ತರಿಸಿದರೂ ಕರಗಿಸಿದರೂ ಒತ್ತಡ ಉಳಿದರೆ ಆಣಿ ಮರಳಿ ಬರುತ್ತದೆ. ಪಾದದ ಮೇಲಿನ ಒತ್ತಡವೆಂಬುದು ಎಷ್ಟು ಗಂಭೀರವೆಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಜನಿಸಿದ ಅವರು 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ಸ್ಪರ್ಶಜ್ಞಾನ ಕಳೆದುಕೊಂಡ ಪಾದವು ಒತ್ತಡವನ್ನು ಅರಿಯದೆ ಹುಣ್ಣಾಗುತ್ತದೆಂದು ಕಂಡುಕೊಂಡು ಮೃದುವಾದ ಪಾದರಕ್ಷೆಗಳಿಗಾಗಿ ಶ್ರಮಿಸಿದರು. ಎಂ.ಸಿ.ಆರ್. ಚಪ್ಪಲಿ ಆ ಪರಂಪರೆಯದು. ಬಳಿಕ ಅಮೆರಿಕದಲ್ಲಿ ಮಧುಮೇಹಿಗಳ ಪಾದಗಳಿಗೂ ಅದೇ ತಿಳಿವನ್ನು ಅನ್ವಯಿಸಿದರು.

ಬಂಧುಗಳಲ್ಲಿ ಹಿರಿಯರಿಗೆ ನಮ್ಮ ದೊಡ್ಡಪ್ಪನವರ ನೆನಪಿದ್ದೀತು. ಸಕ್ಕರೆ ಕಾಯಿಲೆಯಿದ್ದ ಅವರು ಪ್ರತಿ ಭಾನುವಾರ ಜಗಲಿಯಲ್ಲಿ ಕುಳಿತು ಬ್ಲೇಡಿನಿಂದ ಆಣಿ ಹೆರೆದುಕೊಳ್ಳುತ್ತಿದ್ದರು. ಒಮ್ಮೆ ಆದ ಗಾಯ ನೋಯಲಿಲ್ಲ. ನೋಯದುದರಿಂದ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹೆಬ್ಬೆರಳನ್ನೇ ತೆಗೆಯಬೇಕಾಯಿತು.

ಆರೋಗ್ಯವಂತರು ಬಿಸಿನೀರಿನಲ್ಲಿ ಕಾಲನ್ನು ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಮುಲಾಮು ಹಚ್ಚಿ, ಬಿಗಿಯಾದ ಚಪ್ಪಲಿ ಬದಲಿಸಿದರೆ ಬಹುಮಟ್ಟಿಗೆ ಸಾಕು. ಮಧುಮೇಹಿಗಳು ಮಾತ್ರ ಬ್ಲೇಡನ್ನಾಗಲಿ ಕಾರ್ನ್ ಕ್ಯಾಪನ್ನಾಗಲಿ ತಾವಾಗಿ ಬಳಸಕೂಡದು. ಆ ಆಮ್ಲಕ್ಕೆ ಒಳ್ಳೆಯ ಚರ್ಮ, ಗಡಸು ಚರ್ಮ ಎಂಬ ಭೇದವಿಲ್ಲ. ಜಡ್ಡಿನ ಅಡಿಯಲ್ಲಿ ಹುಣ್ಣು ಅಡಗಿರಲೂಬಹುದು. ವೈದ್ಯರಿಗೆ ತೋರಿಸಬೇಕು. ದಿನಕ್ಕೊಮ್ಮೆ ಮುಖ ನೋಡಿಕೊಳ್ಳುವ ಕನ್ನಡಿಯಲ್ಲೇ ಅಂಗಾಲನ್ನೂ ನೋಡಿಕೊಳ್ಳಿರಿ. ಹಳೆಯ ಮೇಷ್ಟರ ಮನೆಗೆಲಸವೆಂದು ತಿಳಿದು ಇಂದು ರಾತ್ರಿಯೇ ಆರಂಭಿಸಿರಿ.