ಮೈಸೂರರಸರ ಹಣ, ಬಲಾಕಿರೆವ್‌ನ ಸಿಂಫನಿ

ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜೇಂದ್ರ ಒಡೆಯರು ತೊಂಬತ್ತಕ್ಕೂ ಹೆಚ್ಚು ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ಸಂಗೀತ ಬಲ್ಲ ಕನ್ನಡಿಗರೆಲ್ಲ ಅರಿತಿದ್ದಾರೆ. ರಷ್ಯದ ಒಂದು ದೊಡ್ಡ ಸಿಂಫನಿ ಮೊತ್ತಮೊದಲು ಗ್ರಾಮಫೋನ್ ತಟ್ಟೆಗಿಳಿದದ್ದೂ ಅವರ ನೆರವಿನಿಂದಲೇ ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರವಾಗಿಲ್ಲ.

ಅದು ಮಿಲಿ ಬಲಾಕಿರೆವ್‌ನ ಮೊದಲನೆಯ ಸಿಂಫನಿ. 1864ರಲ್ಲಿ ಕೈಹಚ್ಚಿ, ನಡುವೆ ಬದಿಗಿರಿಸಿ, 1897ರಲ್ಲಿ ಮುಗಿಸಿದ ಕೃತಿ. ಬೊರೊದಿನ್, ರಿಮ್ಸ್ಕಿ-ಕೊರ್ಸಕೊವ್ ಮೊದಲಾದ ತರುಣರನ್ನು ತಿದ್ದಿ ತೀಡಿ ಅವರಿಂದ ಸಿಂಫನಿ ಬರೆಯಿಸಿದವನು ಈತನೇ. ಆದರೆ 1898ರಲ್ಲಿ ಗುರುವಿನ ಕೃತಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೇಳಿಬರುವ ಹೊತ್ತಿಗೆ ಶಿಷ್ಯ ಬೊರೊದಿನ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಹುಟ್ಟುವಾಗಲೇ ಹಳತಾಗಿದ್ದ ಈ ಕೃತಿಯನ್ನು ಧ್ವನಿಮುದ್ರಣದ ಕಂಪನಿಗಳು ಅರ್ಧ ಶತಮಾನ ಕಾಲ ಮುಟ್ಟಲಿಲ್ಲ.

ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕರು 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದರು. ಮುಂದೆ ಅವರು ಮೈಸೂರಿಗೆ ಬಂದು, ಅರಮನೆಯ ತಟ್ಟೆಗಳ ಭಂಡಾರವನ್ನು ಕಂಡು ಬೆರಗಾದರು. ಇನ್ನೂ ಮೂವತ್ತು ತುಂಬದ ಅರಸರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರೆಂದು ಲೆಗ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅರಸರ ನೆರವಿನಿಂದಲೇ ಲಂಡನ್ನಿನಲ್ಲಿದ್ದ ಇನ್ನೊಬ್ಬ ರಷ್ಯನ್, ವಯೋವೃದ್ಧ ಮೆಟ್ನರ್, ತನ್ನ ಪಿಯಾನೋ ಕಾಂಚೆರ್ಟೊಗಳನ್ನು 1947ರಲ್ಲಿ ತಾನೇ ನುಡಿಸಿ ಮುದ್ರಿಸಿದ. ಅದೇ 1947ರಲ್ಲಿ ಇತ್ತ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಿತ್ತು. ಆ ದಿನಗಳಲ್ಲಿ ಹೊರನಾಡಿನ ವಾದ್ಯವೃಂದಕ್ಕೆ ಇಷ್ಟು ಹಣವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದೆಂದು ನಾವು ಹೇಳಲಾರೆವು. ಆದರೆ ಆ ಹಣ ಬಿಟ್ಟುಹೋದದ್ದು ಏನೆಂಬುದನ್ನು ಕಿವಿಯಿಂದಲೂ ಅಳೆಯಬೇಕು.

1949ರಲ್ಲಿ ಅರಸರ ಸಂಗೀತ ಪ್ರತಿಷ್ಠಾನದ ಆಶ್ರಯದಲ್ಲಿ ಬಲಾಕಿರೆವ್ ಸಿಂಫನಿಯನ್ನು ಫಿಲ್ಹಾರ್ಮೋನಿಯಾದಿಂದ ನುಡಿಸಿದವರು ಹರ್ಬರ್ಟ್ ಫಾನ್ ಕರಾಯಾನ್. ನಾತ್ಸಿ ಪಕ್ಷದ ಸದಸ್ಯರಾಗಿದ್ದ ಕಾರಣ ಯುದ್ಧಾನಂತರ ಅವರಿಗೆ ವಿಧಿಸಿದ್ದ ನಿಷೇಧ ತೆರವಾಗಿ ಎರಡೇ ವರ್ಷವಾಗಿತ್ತು. 78ರ ವೇಗದ ತಟ್ಟೆಯಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ಮಗ್ಗುಲು ಮುಗಿಯುತ್ತದೆ. ಕೃತಿಯೋ ನಲವತ್ತು ನಿಮಿಷದ ಆಚೆಯದು. ಆದರೂ ಮೊದಲನೆಯ ಭಾಗದ ಬಿಗಿ ಎಲ್ಲೂ ಸಡಿಲುವುದಿಲ್ಲ.

ಪಶ್ಚಿಮದ ಸಿಂಫನಿಯಲ್ಲಿ ಸ್ವರವೆಲ್ಲ ಬರೆದಿಟ್ಟದ್ದು. ನೆರವಲು, ಕಲ್ಪನಾಸ್ವರಗಳಿಗೆ ಎಡೆಯಿಲ್ಲ. ಹಾಗಿದ್ದ ಮೇಲೆ ಒಬ್ಬರದಕ್ಕೂ ಇನ್ನೊಬ್ಬರದಕ್ಕೂ ಏನು ಅಂತರ ಎಂದು ನಮ್ಮ ಓದುಗರು ಕೇಳಬಹುದು. ಕಾಲಪ್ರಮಾಣ, ಒತ್ತು, ಯಾವ ವಾದ್ಯ ಮುಂದೆ, ಯಾವುದು ಹಿಂದೆ ಎಂಬುದೆಲ್ಲ ನಿರ್ದೇಶಕನ ಕೈಯಲ್ಲಿದೆ. ಮೂರನೆಯ ಭಾಗವನ್ನೇ ನೋಡಿ. ಅಲ್ಲಿ ಕ್ಲಾರಿನೆಟ್ಟು ವಿಳಂಬದಲ್ಲಿ ನೀಳವಾದೊಂದು ರಾಗವನ್ನು ಎತ್ತಿಕೊಳ್ಳುತ್ತದೆ. ಕರಾಯಾನ್ ಅದನ್ನು ಒಂದೇ ಉಸಿರಿನ ಗೆರೆಯಂತೆ ಎಳೆಯುತ್ತಾರೆ, ಚೆಲುವಿದೆ, ಸಲಿಗೆಯಿಲ್ಲ. 1955ರಲ್ಲಿ ರಾಯಲ್ ಫಿಲ್ಹಾರ್ಮಾನಿಕ್‌ನೊಡನೆ ಇದೇ ಕೃತಿಯನ್ನು ಮುದ್ರಿಸಿದ ಸರ್ ಥಾಮಸ್ ಬೀಚಮ್ ಬೇರೆ ಬಗೆಯವರು. ಅವರ ವೃಂದದ ಮುಖ್ಯ ಕ್ಲಾರಿನೆಟ್ ವಾದಕ ಜ್ಯಾಕ್ ಬ್ರೈಮರ್. ಬೀಚಮ್ ವಾದಕನನ್ನು ಅವನ ಪಾಡಿಗೆ ಹಾಡಲು ಬಿಟ್ಟು ತಾವು ಜೊತೆಗೆ ನಡೆಯುತ್ತಾರೆ, ಒಳ್ಳೆಯ ಮೃದಂಗದವನ ಹಾಗೆ. ಕೊನೆಯ ಭಾಗದ ಕುಣಿತ ಕರಾಯಾನ್‌ರಲ್ಲಿ ತುಸು ಕವಾಯತಿನಂತೆ ಕೇಳಿದರೆ, ಬೀಚಮ್ಮರಲ್ಲಿ ಊರಹಬ್ಬದ ನಗೆಯಿದೆ. ನಮ್ಮ ಒಲವು ಬೀಚಮ್ ಕಡೆಗೇ. ಆದರೆ ಮೊದಲ ಭಾಗದ ಮಟ್ಟಿಗೆ ನಾವು ಮತ್ತೆ ಮತ್ತೆ ಹಾಕಿಕೊಳ್ಳುವುದು ಮೈಸೂರಿನ ಹಣದ ಮುದ್ರಿಕೆಯನ್ನೇ.

ಒಡೆಯರು 1974ರಲ್ಲಿ ತೀರಿಕೊಂಡರು. ಕರಾಯಾನ್ ಈ ಸಿಂಫನಿಯನ್ನು ಮತ್ತೆ ಮುದ್ರಿಸಲೇ ಇಲ್ಲ. ಫಿಲ್ಹಾರ್ಮೋನಿಯಾ ಮಾತ್ರ ಮುದ್ರಿಸಿತು, ಈ ಬಾರಿ ರಷ್ಯದ ಯೆವ್ಗೆನಿ ಸ್ವೆತ್ಲಾನೋವ್‌ರ ಕೈಕೆಳಗೆ. ಅದು ಹೊರಬಂದದ್ದು 1991ರಲ್ಲಿ. ಅಷ್ಟರಲ್ಲಿ ವಾದಕರ ತಲೆಮಾರೇ ಬದಲಾಗಿತ್ತು. ಸ್ವೆತ್ಲಾನೋವ್‌ರದು ಅವಸರವಿಲ್ಲದ, ತೂಕದ ನಡೆ. ವಿಳಂಬದ ಭಾಗ ನಿಲ್ಲದೆ, ಹಾರ್ಪಿನ ತಂತಿಗಳ ಮೇಲೆ ಹಾದು ಕುಣಿತದೊಳಗೆ ಇಳಿಯುವ ಆ ಒಂದು ತಿರುವಿನಲ್ಲಿ ಅವರು ಉಳಿದಿಬ್ಬರನ್ನೂ ಮೀರಿಸಿದ್ದಾರೆ.